ಗೆರೆ ಇಲ್ಲದ ಆಕಾಶ

ಕಡಲೆ ಗಿಡದ ಹುಳಿ ಸೀರೆಯ ಅಂಚಿಗೆ ಹತ್ತುವ ದಿನಗಳು ಅವು. ಸಂಕ್ರಾಂತಿಗೆ ಇನ್ನೂ ಒಂಬತ್ತು ದಿನ ಇತ್ತು. ಮುನವಳ್ಳಿಯ ಸುತ್ತಲಿನ ಎರೆಹೊಲಗಳಲ್ಲಿ ಬಿಳಿಜೋಳ ತೆನೆ ಹೊತ್ತು ನಿಂತಿತ್ತು. ಹತ್ತಿಯನ್ನು ಕೊನೆಯ ಸಲ ಬಿಡಿಸುವ ಕೆಲಸ ನಡೆದಿತ್ತು. ಊರೊಳಗೆ, ಕುಲಕರ್ಣಿಯವರ ಮನೆಯ ಹಿಂದಿನ ಪಡಸಾಲೆಯಲ್ಲಿ, ರಾಧಾಬಾಯಿ ಕುಸುರೆಳ್ಳು ಮಾಡಲು ಕುಳಿತು ಅದು ಮೂರನೆಯ ದಿನ.

ಕುಸುರೆಳ್ಳು ಅವಸರದವರ ಕೆಲಸವಲ್ಲ. ಸಣ್ಣ ಕೆಂಡದ ಮೇಲೆ ಅಗಲ ತಟ್ಟೆಯಂಥ ಹಿತ್ತಾಳೆಯ ಪರಾತ, ಪರಾತದಲ್ಲಿ ಹುರಿದ ಎಳ್ಳು, ಮಗ್ಗುಲಿನ ಬಟ್ಟಲಲ್ಲಿ ಸಕ್ಕರೆಯ ಪಾಕ. ಚಮಚೆಯಿಂದ ನಾಲ್ಕೇ ಹನಿ ಬಿಡಬೇಕು, ಎಳ್ಳನ್ನು ಅಂಗೈಯಲ್ಲಿ ಆಡಿಸುತ್ತಲೇ ಇರಬೇಕು. ಅದು ಒಣಗಿದ ಮೇಲೆ ಮತ್ತೆ ನಾಲ್ಕು ಹನಿ. ಹೀಗೆ ಮೂರು ದಿನ ಮಾಡಿದರೆ ಒಂದೊಂದು ಎಳ್ಳಿನ ಮೈಮೇಲೂ ಬಿಳಿ ಮುಳ್ಳು ಏಳುತ್ತದೆ. ಕೈ ತಪ್ಪಿ ಹೆಚ್ಚಿಗೆ ಬಿದ್ದರೆ ಮುಗಿಯಿತು, ಎಲ್ಲ ಗಂಟು. ರಾಧಾಬಾಯಿಯ ಕೈಯಷ್ಟು ನಿಧಾನದ ಕೈ ಆ ಓಣಿಯಲ್ಲಿ ಇನ್ನೊಂದಿರಲಿಲ್ಲ.

ಅದೇ ಪಡಸಾಲೆಯ ಇನ್ನೊಂದು ತುದಿಯಲ್ಲಿ, ಬೆಳಕು ಬೀಳುವ ಕಡೆ ಮಣೆ ಹಾಕಿಕೊಂಡು, ಸೊಸೆ ವರದಾ ಗ್ರೀಟಿಂಗ್ ಕಾರ್ಡು ಮಾಡುತ್ತಿದ್ದಳು. ಈ ಕಡೆ ಸಂಕ್ರಾಂತಿಗೆ ಗೆಳತಿಯರು ಒಬ್ಬರಿಗೊಬ್ಬರು ಕಾರ್ಡು ಕೊಡುವ ರೂಢಿ. ಕಾರ್ಡಿನೊಳಗೆ ಒಂದು ಚಿಟಿಕೆ ಕುಸುರೆಳ್ಳಿನ ಪುಡಿಕೆ. ಕೊಟ್ಟವಳಿಗೆ ತಿರುಗಿ ಕೊಡಲೇಬೇಕು. ಕೊಡದಿದ್ದರೆ ಮಾತು ಬಿಟ್ಟಳು ಅಂತಲೇ ಲೆಕ್ಕ. ಫೋನು ಬಂದ ಮೇಲೆ ಅಂಗಡಿಯ ಕಾರ್ಡುಗಳು ಧೂಳು ತಿನ್ನತೊಡಗಿದ್ದವು. ಆದರೆ ಎರಡು ವರ್ಷದಿಂದ ಕೈಯಿಂದ ಮಾಡಿದ್ದನ್ನು ಜನ ಮತ್ತೆ ಕೇಳುತ್ತಿದ್ದರು. ಬೈಲಹೊಂಗಲದ ಪುಸ್ತಕದ ಅಂಗಡಿಯೊಂದು ವರದಾಳಿಗೆ ನಲವತ್ತು ಕಾರ್ಡು ಹೇಳಿತ್ತು.

ಫೋನಿನಲ್ಲಿ ನೋಡಿ ನೋಡಿಯೇ ಅವಳು ಈ ಕೆಲಸ ಕಲಿತದ್ದು. ರಬ್ಬರಿನ ಅಚ್ಚು, ಮೂರು ಬಣ್ಣದ ಇಂಕಿನ ಪ್ಯಾಡು, ದಪ್ಪ ಹಾಳೆ ತರಿಸಿಕೊಂಡಿದ್ದಳು. ಅಚ್ಚು ಒತ್ತುವುದು ಕೈಗೆ ಕೂತಿತ್ತು. ಕೂಡದೆ ಉಳಿದದ್ದು ಆಕಾಶ. ಕೆಳಗೆ ಕೇಸರಿ, ಮೇಲೆ ನೀಲಿ. ಒಂದರೊಳಗೆ ಒಂದು ಕರಗಿ ಹೋಗಬೇಕು. ಸ್ಪಂಜಿನಿಂದ ತಟ್ಟಿದರೆ ಎರಡರ ನಡುವೆ ಗೆರೆ ಕಾಣುತ್ತಿತ್ತು. ಬ್ರಶ್ಶಿನಿಂದ ಮಾಡಿದರೆ ಪಟ್ಟೆ. ಔಷಧದ ಅಂಗಡಿಯ ಅರಳೆ ತಂದು ನೋಡಿದಳು. ಮೊದಲು ತಾಗಿದಲ್ಲೇ ದೊಡ್ಡ ಕಲೆ ಬಿದ್ದು ಕೂತಿತು.

ಇದನ್ನೂ ಅವಳು ಸಹಿಸಿಕೊಳ್ಳುತ್ತಿದ್ದಳೇನೋ. ಆದರೆ ಮೂರು ದಿನದ ಹಿಂದೆ ಪರಾತ ತೆಗೆಯಲು ಹಳೆಯ ಟ್ರಂಕು ಬಿಚ್ಚಿದಾಗ ಅದರ ತಳದಲ್ಲಿ ಒಂದು ಕಾರ್ಡು ಸಿಕ್ಕಿತ್ತು. ಅಂಗೈಗಿಂತ ತುಸು ದೊಡ್ಡದು. ಅದರಲ್ಲಿ ಸಂಜೆಯ ಆಕಾಶ. ಕೆಂಪು ಕೇಸರಿಯಾಗಿ, ಕೇಸರಿ ನೀಲಿಯಾಗಿ ಹೋದದ್ದು ಎಲ್ಲಿ ಎಂದು ಕಣ್ಣಿಗೆ ಸಿಗುತ್ತಲೇ ಇರಲಿಲ್ಲ. ಮೇಲೆ ಐದು ಕರಿಹಕ್ಕಿ, ಒಂದೇ ಅಚ್ಚಿನಿಂದ ಒತ್ತಿದ್ದು. ಹಿಂದೆ ಒಂದು ಚೀಟಿ ಅಂಟಿಸಿತ್ತು: ಕು. ರಾಧಾ ರಘೋತ್ತಮ ದೇಶಪಾಂಡೆ, ಏಳನೇ ಇಯತ್ತೆ, ಯರಗಟ್ಟಿ. ಕಾರ್ಡಿನ ಜೊತೆಗೆ ಒಮ್ಮೆಯೂ ನೀರು ಕಾಣದ ಒಂದು ಬಣ್ಣದ ಪೆಟ್ಟಿಗೆಯೂ ಇತ್ತು.

ಅತ್ತೆ ಚಿಕ್ಕಂದಿನಲ್ಲಿ ಚಿತ್ರ ತೆಗೆಯುತ್ತಿದ್ದರು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ನಡುಮನೆಯ ಗೋಡೆಯಲ್ಲಿ, ಸವದತ್ತಿಯಲ್ಲಿ ನಡೆದ ತಾಲೂಕಿನ ಸ್ಪರ್ಧೆಯ ಮೊದಲ ಬಹುಮಾನದ ಸರ್ಟಿಫಿಕೇಟು ಗಾಜಿನ ಕಟ್ಟು ಹಾಕಿಸಿಕೊಂಡು ಕೂತಿತ್ತು. ಬೀಗರು ಬಂದಾಗಲೆಲ್ಲ ಮಾವನವರು ಅದನ್ನು ತೋರಿಸುತ್ತಿದ್ದರು.

“ಅತ್ಯಾ, ಒಂದ್ಸಲ ತೋರಸ್ರಿ. ಈ ಆಕಾಶ ಹ್ಯಾಂಗ ಮಾಡಿದ್ರಿ?” ವರದಾ ಆ ದಿನವೂ ಕೇಳಿದಳು.

“ನಲವತ್ತು ವರ್ಷದ ಮಾತು. ಯಾರಿಗೆ ನೆನಪಿರ್ತದ?”

“ಕೈಗೆ ನೆನಪಿರ್ತದ ಅಂತ ನೀವ ಹೇಳಿದ್ರೆಲ್ಲಾ.”

“ಅದು ಕಡಬು ಮಡಚೂದಕ್ಕ ಹೇಳಿದ್ದು.” ರಾಧಾಬಾಯಿ ಪರಾತದಿಂದ ಕಣ್ಣೆತ್ತಲಿಲ್ಲ. “ನಿನ್ನ ಕಾರ್ಡು ಚಂದನ ಆಗ್ಯಾವ. ಗೆರಿ ಇದ್ರ ಇರ್ಲಿ. ಅಂಗಡ್ಯಾಂವ ಏನ್ ಭೂತಗನ್ನಡಿ ಹಿಡದು ನೋಡ್ತಾನೇನು?”

ಮಾತು ಮುಗಿಸಿಬಿಡುವ ದನಿ ಅದು. ಆದರೆ ಭೂತಗನ್ನಡಿ ಎಂಬ ಮಾತು ವರದಾಳ ತಲೆಯಲ್ಲಿ ಉಳಿಯಿತು. ಮಧ್ಯಾಹ್ನ ಗಂಡನಿಗೆ ಊಟದ ಡಬ್ಬಿ ಒಯ್ಯುವಾಗ ಕಾರ್ಡನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಅಭಿಜಿತನದು ಬಸ್‌ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ.

“ಇದನ್ನ ಸ್ಕ್ಯಾನ್ ಮಾಡಿ ದೊಡ್ಡದು ಮಾಡ್ರಿ,” ಎಂದಳು.

“ಎಷ್ಟು ದೊಡ್ಡದು?”

“ಆಗೂವಷ್ಟು.”

“ಊಟಾ ಮಾಡ್ಲೋ, ಇದನ್ನ ಮಾಡ್ಲೋ?”

“ಇದನ್ನ ಮಾಡಿ ಊಟಾ ಮಾಡ್ರಿ. ಬದನಿಕಾಯಿ ಪಲ್ಯಾ ಆರಿದ್ರ ಆರ್ಲಿ, ಆಕಾಶ ಕಾಯೂದುಲ್ಲ.”

ಕಂಪ್ಯೂಟರಿನ ತೆರೆಯ ಮೇಲೆ ಆಕಾಶ ಹಿಗ್ಗಿತು. ಹಿಗ್ಗಿದಂತೆ ಬಣ್ಣ ಬಣ್ಣವಾಗಿ ಉಳಿಯದೆ ಸಣ್ಣ ಸಣ್ಣ ಚುಕ್ಕೆಗಳಾಯಿತು. ಕೆಂಪಿನ ಚುಕ್ಕೆಗಳು ಮೇಲೇರಿದಂತೆ ತೆಳುವಾಗುತ್ತ ಹೋಗಿದ್ದವು. ನೀಲಿಯ ಚುಕ್ಕೆಗಳು ಕೆಳಗಿಳಿದಂತೆ. ಎರಡೂ ಒಂದರ ಸಂದಿಯಲ್ಲಿ ಒಂದು ಕೂತಿದ್ದವು. ಬ್ರಶ್ಶು ಎಳೆದದ್ದಲ್ಲ, ತಟ್ಟಿದ್ದು. ಅದೂ ಬಹಳ ಹಗುರಾಗಿ, ಬಹಳ ಹೊತ್ತು. ಮೂಲೆಯಲ್ಲಿ ಬಣ್ಣದೊಳಗೆ ಸಿಕ್ಕಿಬಿದ್ದ ಒಂದು ಎಳೆ ಕಂಡಿತು. ತಿರುಚಿಕೊಂಡ ಸಣ್ಣ ಎಳೆ, ಅದರ ತುದಿಗೆ ಕಂದು ಬಣ್ಣದ ಚೂರು.

“ಕೂದಲಾ?” ಎಂದ ಅಭಿಜಿತ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ.

“ಕೂದಲು ಇಷ್ಟು ತಿರುವಿರೂದುಲ್ಲ.” ವರದಾ ತೆರೆಗೆ ಮೂಗು ತಾಗುವಷ್ಟು ಬಾಗಿ ನೋಡಿದಳು. ಗೊತ್ತಾಗಲಿಲ್ಲ. ಅದೊಂದು ಪ್ರಿಂಟು ತೆಗೆಸಿಕೊಂಡು ಮನೆಗೆ ಬಂದಳು.

ಸಂಜೆಯ ಹೊತ್ತಿಗೆ ಹತ್ತಿ ಬಿಡಿಸುವ ಕೃಷ್ಣವ್ವ ಹೊಲದಿಂದ ನೇರ ಹಿತ್ತಲ ಬಾಗಿಲಿಗೆ ಬಂದಳು. ದಿನವೂ ಮನೆಗೆ ಹೋಗುವ ಮುಂಚೆ ಇಲ್ಲಿ ಒಂದು ಚಹಾ. ವರದಾ ಕಪ್ಪು ಕೊಟ್ಟು, ಮಣೆಯ ಮೇಲಿನ ಪ್ರಿಂಟು ಬಾಗಿ ನೋಡುತ್ತಿದ್ದ ಅವಳಿಗೆ ಕೇಳಿದಳು, “ಕೃಷ್ಣವ್ವಾ, ಇದೇನು ಹೇಳು ನೋಡೂಣು.”

ಕೃಷ್ಣವ್ವ ಚಹಾ ಊದಿ ಊದಿ ಕುಡಿದಳು. “ಏನ್ ಪರೀಕ್ಷಾ ತಗೊಳಾಕತ್ತೀರಿ ವೈನ್ಯಾರ? ಬೆಳಗಿಂದ ಇದನ್ನ ಬಿಡಸಾಕತ್ತೇನಿ. ಹತ್ತಿ ಎಳಿ ಇದು. ತುದ್ಯಾಗ ಕಾಳಿನ ಸಿಪ್ಪಿ.” ಎಂದು ತನ್ನ ಸೆರಗಿಗೆ ಹತ್ತಿದ್ದ ಒಂದು ಎಳೆಯನ್ನು ಕಿತ್ತು ಪ್ರಿಂಟಿನ ಮೇಲಿಟ್ಟಳು. ಅದೇ ತಿರುವು, ಅದೇ ಕಂದು ಚೂರು.

ವರದಾಳಿಗೆ ನೆತ್ತಿಯವರೆಗೆ ಖುಷಿ ಏರಿತು. ಔಷಧದ ಅಂಗಡಿಯ ಅರಳೆಯಲ್ಲ, ಹೊಲದ ಹತ್ತಿ! ಅವಳು ಪರಾತದ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕುಳಿತಳು.

“ಅತ್ಯಾ, ಸಿಕ್ತು! ಹಸಿ ಹತ್ತೀಲೆ ತಟ್ಟಿ ಮಾಡಿದ್ದಲ್ಲಾ ಅದು?”

ಚಮಚೆ ಹಿಡಿದ ಕೈ ನಿಂತಿತು. ರಾಧಾಬಾಯಿ ಮೊದಲ ಸಲ ತಲೆಯೆತ್ತಿ ಸೊಸೆಯನ್ನು ನೋಡಿದರು. ಆ ಕಣ್ಣಿನಲ್ಲಿ ಸಿಕ್ಕಿಬಿದ್ದವರ ಅಂಜಿಕೆಗಿಂತ ಹೆಚ್ಚಾಗಿ ಅಚ್ಚರಿ ಇತ್ತು.

“ಹತ್ತೀಲೆ ಮಾಡಿದ್ಲಾ ಅಕಿ?”

ಆಡಿದ ಮಾತು ಆಡಿಯಾಯಿತು. ಚಮಚೆ ವಾಲಿ ಪಾಕ ಪರಾತಕ್ಕೆ ಸುರಿದದ್ದು ಇಬ್ಬರಿಗೂ ತಡವಾಗಿ ಕಂಡಿತು. ಮೂರು ದಿನದ ಎಳ್ಳು ಕಣ್ಣೆದುರಿಗೇ ಒಂದಕ್ಕೊಂದು ಹತ್ತಿ ಮುದ್ದೆಯಾಯಿತು. ಕೃಷ್ಣವ್ವ ಬಾಗಿಲಲ್ಲೇ, “ಅಯ್ಯ, ಬಾಯಾರ ಕೈಯಾಗ ಗಂಟಾತಂದ್ರ ಏನರ ಆಗೈತಿ,” ಎಂದು ಕಪ್ಪು ತೊಳೆದಿಟ್ಟು ಮೆಲ್ಲಗೆ ಹೋದಳು.

“ಅಕಿ ಅಂದ್ರ ಯಾರು ಅತ್ಯಾ?”

ರಾಧಾಬಾಯಿ ಕೆಂಡಕ್ಕೆ ನೀರು ಚಿಮುಕಿಸಿದರು. ಆಮೇಲೆ ಕಾರ್ಡನ್ನು ಕೈಗೆ ತೆಗೆದುಕೊಂಡು, ಹಿತ್ತಲಿನ ಬೆಳಕಿಗೆ ಎದುರಾಗಿ ಹಿಡಿದು ತೋರಿಸಿದರು. ಅಂಟಿಸಿದ ಚೀಟಿಯ ಅಡಿಯಲ್ಲಿ ನೀಲಿ ಶಾಯಿಯ ಇನ್ನೊಂದು ಹೆಸರು ಮಸುಕಾಗಿ ಮೂಡಿತು. ಮೆಹೆರಾಜ ಹ. ನದಾಫ.

“ಗಾದಿ ಹಾಕೂ ಹಜರತಸಾಬನ ಮಗಳು. ನನ್ನ ಬಾಜೂಕ ಕೂಡ್ತಿದ್ಲು. ಹಾಳಿ ನಾ ಕೊಟ್ಟಿದ್ದೆ. ಅಪ್ಪಾ ಸಾಲಿ ಮಾಸ್ತರ ಇದ್ರಲ್ಲಾ, ಮನ್ಯಾಗ ದಪ್ಪ ಹಾಳಿ ಇರ್ತಿದ್ದು. ಸಂಕ್ರಾಂತಿಗೆ ಅದರಾಗ ಕಾರ್ಡು ಮಾಡಿ ನನಗ ಕೊಟ್ಲು. ಅದ ವಾರ ಸ್ಪರ್ಧಾ ಅಂತ ಅಂದ್ರು. ನಾ ತೆಗದ ಚಿತ್ರ ನನಗ ನೋಡ್ಲಿಕ್ಕೆ ಆಗ್ತಿರ್ಲಿಲ್ಲ. ಗಂಜಿ ಹಚ್ಚಿ ಚೀಟಿ ಅಂಟಸಿದೆ. ಬಕ್ಷೀಸಂತ ಆ ಬಣ್ಣದ ಪೆಟಗಿ ಕೊಟ್ರು.” ಅವರು ಚೀಟಿಯ ಅಂಚನ್ನು ಉಗುರಿನಿಂದ ಸವರಿದರು. “ಹಾಳಿ ನಂದ ಇತ್ತಲ್ಲಾ ಅಂತ ಅಂದ್ಕೋತ ಬಂದೆ. ಇಷ್ಟು ವರ್ಷ ಅದನ್ನ ಅಂದ್ಕೊಂಡೀನಿ.”

ವರದಾಳಿಗೆ ಒಂದು ಸಂಗತಿ ಹೊಳೆಯಿತು. ಅತ್ತೆಯ ತವರು ಈಗ ಬೈಲಹೊಂಗಲದಲ್ಲಿ. ಬಸ್ಸು ಯರಗಟ್ಟಿಯ ಮೇಲೆಯೇ ಹೋಗುತ್ತದೆ. ಹೋಗುವಾಗ ಅತ್ತೆ ಯಾವಾಗಲೂ ಬಲಗಡೆಯ ಸೀಟು ಹಿಡಿಯುವರು, ಬರುವಾಗ ಎಡಗಡೆಯದು. ಬಿಸಿಲಿದ್ದರೂ ಅಲ್ಲೇ. ಯಾಕೆಂದು ಅವಳು ಒಮ್ಮೆ ಕೇಳಿದ್ದಳು. ಗಾಳಿ ಬರ್ತದ ಅಂದಿದ್ದರು.

“ಅವರು ಇನ್ನೂ ಯರಗಟ್ಯಾಗ ಇದ್ದಾರೇನು?”

“ಅಪ್ಪನ ಅಂಗಡಿ ಅಕೀನ ನೋಡಕೋತಾಳಂತ. ಬೆಳಗಾವಿ ರಸ್ತಾಕ, ಹೋಗುವಾಗ ಎಡಕ್ಕ.”

“ನಾಳೆ ಹೋಗೂಣ್ರಿ.”

“ನಿನಗ ಆಕಾಶ ಬೇಕಾಗೇದ, ನೀ ಹೋಗು.”

“ನಿಮಗೇನೂ ಬ್ಯಾಡಾ?”

ರಾಧಾಬಾಯಿ ಗಂಟಾದ ಎಳ್ಳನ್ನು ಬಟ್ಟಲಿಗೆ ಕೆರೆದು ಹಾಕಿದರು. ಆದರೆ ಬೆಳಿಗ್ಗೆ ವರದಾ ಎದ್ದು ನೋಡಿದರೆ ನಡುಮನೆಯ ಗೋಡೆಯಲ್ಲಿ ಬರೀ ಮೊಳೆ ಇತ್ತು. ಸರ್ಟಿಫಿಕೇಟಿನ ಕಟ್ಟು, ಬಣ್ಣದ ಪೆಟ್ಟಿಗೆ, ಕಾರ್ಡು ಮೂರೂ ಅತ್ತೆಯ ಚೀಲದಲ್ಲಿ ಕೂತಿದ್ದವು. ಬಸ್ಸಿನಲ್ಲಿ ರಾಧಾಬಾಯಿ ಎಡಗಡೆಗೆ ಕುಳಿತರು.

ಅಂಗಡಿಯಲ್ಲಿ ಈಗ ಬಿಲ್ಲು ಹಿಡಿದು ಹತ್ತಿ ಹಿಂಜುವವರಿಲ್ಲ. ಮೆಹೆರಾಜಳ ಮಗ ಅಬ್ರಾರ ಮಷೀನು ಹಚ್ಚಿದ್ದ. ಅದರ ಬಾಯಿಂದ ಹತ್ತಿ ನೊರೆಯ ಹಾಗೆ ಉಕ್ಕುತ್ತಿತ್ತು. ಒಳಗೆ, ಹೊಸ ಗಾದಿಯ ಮೇಲೆ ಕುಳಿತು, ಗೇಣುದ್ದದ ಸೂಜಿಯಿಂದ ದಪ್ಪ ಹೊಲಿಗೆ ಹಾಕುತ್ತಿದ್ದ ಹೆಂಗಸು ತಲೆಯ ಮೇಲಿನ ಹತ್ತಿ ಕೊಡವಿ ನೋಡಿದಳು.

“ಏನ ಬೇಕಾಗಿತ್ರಿ? ಗಾದಿನೋ, ತೆಲಿದಿಂಬೋ?”

ರಾಧಾಬಾಯಿ ಚೀಲವನ್ನು ಎದೆಗೆ ಅವುಚಿಕೊಂಡು ನಿಂತರು. ಆ ಹೆಂಗಸು ಸೂಜಿಯನ್ನು ಗಾದಿಗೆ ಚುಚ್ಚಿಟ್ಟಳು.

“ರಾಧಿ ಅಲ್ಲೇನು?”

“ಹೂಂ.”

“ಬಸ್ಸಿನ್ಯಾಗ ಆ ಕಡೆ ಮಾರಿ ಮಾಡಿ ಹೋಕ್ಕಿದ್ದೆಲ್ಲಾ. ಇವತ್ತ ಈ ಕಡೆ ಸೀಟು ಸಿಕ್ತೇನವ್ವಾ?”

ರಾಧಾಬಾಯಿ ಚೀಲದಿಂದ ಕಾರ್ಡು ತೆಗೆದು ಗಾದಿಯ ಮೇಲಿಟ್ಟರು. ಅದರ ಮಗ್ಗುಲಿಗೆ ಬಣ್ಣದ ಪೆಟ್ಟಿಗೆ. ಕೊನೆಗೆ ಕಟ್ಟು. ಮೆಹೆರಾಜ ಮಗನಿಗೆ ಸನ್ನೆ ಮಾಡಿದಳು, ಮಷೀನು ನಿಂತಿತು. ಗಾಳಿಯಲ್ಲಿದ್ದ ಹತ್ತಿ ಮೆಲ್ಲಗೆ ಇಳಿಯತೊಡಗಿತು.

“ಇದು ನಿಂದು ಮೆಹೆರೂ. ನಾ ನನ್ನ ಹೆಸರು ಹಚ್ಚಿ…”

“ಗೊತ್ತೈತಿ.”

“ಗೊತ್ತದ?”

“ಸವದತ್ತ್ಯಾಗ ನೋಡಿದ್ನಿ. ಅಪ್ಪಾ ಅಲ್ಲೆ ಹಾಸ್ಟೆಲ್ಲಿಗೆ ಗಾದಿ ಹಾಕಾಕ ಹೋಗಿದ್ದ. ನಾನೂ ಬೆನ್ನ ಹತ್ತಿದ್ನಿ. ಹಾಲಿನ್ಯಾಗ ಗ್ವಾಡಿ ತುಂಬ ಚಿತ್ರ ಹಚ್ಚಿದ್ರು, ನಡುವ ನನ್ನ ಹಕ್ಕಿ ಹಾರಾಕತ್ತಿದ್ದು. ಕೆಳಗ ನಿನ್ನ ಹೆಸರು.”

“ಆಗ ಯಾಕ ಅನ್ಲಿಲ್ಲ?”

“ಏನಂತ ಅನ್ಲಿ? ಹಾಳಿ ನಿಂದ ಇತ್ತಲ್ಲಾ.”

ತಾನು ನಲವತ್ತು ವರ್ಷ ತನಗೇ ಹೇಳಿಕೊಂಡ ಮಾತು ಇನ್ನೊಬ್ಬಳ ಬಾಯಿಂದ ಬಂದಾಗ ರಾಧಾಬಾಯಿ ಗಾದಿಯ ಅಂಚಿಗೆ ಕುಳಿತುಬಿಟ್ಟರು. ಸೆರಗು ಕಣ್ಣಿಗೆ ಹೋಯಿತು. ವರದಾ ಎಲ್ಲಿ ನೋಡಬೇಕೋ ತಿಳಿಯದೆ ಮಷೀನು ನೋಡಿದಳು.

“ಅಳಬ್ಯಾಡ, ಗಾದಿ ಗಿರಾಕೀದು, ತೊಯ್ತೈತಿ,” ಎಂದಳು ಮೆಹೆರಾಜ. “ಸಿಟ್ಟು ಬಂದಿತ್ತು, ಸುಳ್ಳ್ಯಾಕ ಹೇಳ್ಲಿ. ಬಕ್ಷೀಸಕ್ಕಲ್ಲ. ನಾ ಕಾರ್ಡು ಕೊಟ್ನಿ, ನೀ ತಿರಗಿ ಕೊಡ್ಲಿಲ್ಲ. ಹಬ್ಬ ಆಗಿ ಎಂಟ ದಿನ ಸಾಲಿ ಬಾಗಲ್ದಾಗ ನಿಂತ್ನಿ. ಒಂದು ಹರಕ ಕಾಗದ ಕೊಟ್ಟಿದ್ರೂ ತಗೋತಿದ್ನಿ. ನೀ ಓಣಿ ಬದಲಿ ಮಾಡಿದಿ.”

ಆಮೇಲೆ ಅವಳು ವಸ್ತುಗಳನ್ನು ಒಂದೊಂದಾಗಿ ನೋಡಿದಳು. ಪೆಟ್ಟಿಗೆ ತೆರೆದಳು. ಬಣ್ಣದ ಬಿಲ್ಲೆಗಳು ಎರೆಹೊಲದ ಹಾಗೆ ಬಿರಿದಿದ್ದವು. ಬೆರಳಿಗೆ ಎಂಜಲು ಹಚ್ಚಿ ನೀಲಿಯನ್ನು ತಿಕ್ಕಿ, ಅಂಗೈ ಮೇಲೆ ಎಳೆದಳು. “ಇನ್ನೂ ಹಿಡಿತೈತಿ. ಇದು ನಂದು,” ಎಂದು ಬದಿಗಿಟ್ಟುಕೊಂಡಳು. ಕಟ್ಟನ್ನು ಮಾತ್ರ ತಿರುಗಿ ಕೊಟ್ಟಳು. “ಇದರಾಗ ನಿನ್ನ ಹೆಸರ ಬರದೈತಿ. ನಾ ಇದನ್ನ ತಗೊಂಡು ಏನ ಮಾಡ್ಲಿ? ನೀನ ಇಟ್ಕೋ.”

ಕೊಟ್ಟುಬಿಡುತ್ತೇನೆ ಎಂದು ತಂದದ್ದು ತಿರುಗಿ ತೊಡೆಯ ಮೇಲೆ ಬಂತು. ರಾಧಾಬಾಯಿ ಅದನ್ನು ಬೋರಲು ಇಟ್ಟುಕೊಂಡರು.

ಇಷ್ಟು ಹೊತ್ತು ತಡೆದುಕೊಂಡಿದ್ದ ವರದಾ ಇನ್ನು ತಡೆಯಲಾರದೆ ಕೇಳಿದಳು, “ಮೌಶಿ, ಆಕಾಶ ಹ್ಯಾಂಗ ಮಾಡಿದ್ರಿ?”

ಮೆಹೆರಾಜ ನಕ್ಕಳು. “ಇಕಿ ಯಾರು? ಸೊಸಿ? ಸೊಸಿ ಚಲೋ ಸಿಕ್ಕಾಳ ಬಿಡು, ನಿನ್ನ ಹಿಡಕೊಂಡು ಬಂದಾಳ. ಬಾ ಮಗಳ, ಕುಂದ್ರು.”

ಅವಳು ಮಷೀನಿನ ಬಾಯಿಂದ ಒಂದು ಚಿಮುಟು ಹತ್ತಿ ಎಳೆದು, ಹಳೆಯ ಧೋತರದ ಚೂರಿನಲ್ಲಿ ಸುತ್ತಿ, ಲಿಂಬೆಕಾಯಷ್ಟು ಉಂಡೆ ಕಟ್ಟಿದಳು. ವರದಾ ತನ್ನ ಚೀಲದಿಂದ ಪ್ಯಾಡು, ಕಾರ್ಡಿಗೆಂದು ಮಡಚಿದ ಹಾಳೆ ತೆಗೆದಳು.

“ಔಷಧದ ಅಂಗಡಿ ಹತ್ತಿ ಕುದಿಸಿದ್ದಿರತೈತಿ, ಗಟಗಟಾ ನೀರ ಕುಡೀತೈತಿ. ಕುಡದಿದ್ದನ್ನ ಒಮ್ಮಿಗೆ ಉಗಳತೈತಿ. ಹೊಲದ ಹತ್ತಿಗೆ ಜಿಡ್ಡೈತಿ, ಕುಡ್ಯಂಗಿಲ್ಲ. ಶಾಯಿ ಮ್ಯಾಲ ಹಿಡಕೊಂಡು ಕುಂದರತೈತಿ, ಚೂರ ಚೂರ ಬಿಡತೈತಿ.” ಮೆಹೆರಾಜ ಹಾಳೆಯ ಕೆಳಗೆ ಒಂದು ಹಳೆಯ ಪೇಪರು ಹಾಸಿದಳು. “ಮತ್ತ, ಮೊದಲ ಪೆಟ್ಟು ಹಾಳಿ ಮ್ಯಾಲ ಹಾಕಬಾರದು. ಹೊರಗ ಪೇಪರ ಮ್ಯಾಲ ತಟ್ಟು. ತಟಗೋತ, ತಟಗೋತ, ಹಾಳಿ ಅಂಚಿನಿಂದ ಒಳಗ ಬಾ. ಹಾಳಿಗೆ ಗೊತ್ತಾಗಬಾರದು, ಬಣ್ಣ ಯಾವಾಗ ಬಂತಂತ.”

ಕೇಸರಿ ಹೊರಗಿನಿಂದ ಒಳಗೆ ಬಂತು. ನೀಲಿ ಮೇಲಿನಿಂದ ಇಳಿಯಿತು. ನಡುವೆ ಎರಡೂ ಎಲ್ಲಿ ಕೂಡಿದವೋ, ಕಣ್ಣು ಮಿಟುಕಿಸದೆ ಕುಳಿತಿದ್ದ ವರದಾಳಿಗೂ ಕಾಣಲಿಲ್ಲ.

“ಹಕ್ಕಿ ಅಚ್ಚು?”

“ಅಪ್ಪನ ಹವಾಯಿ ಚಪ್ಪಲಿ. ಹಿಮ್ಮಡ ಕೊರದಿದ್ನಿ. ಮುಂದ ಎಂಟ ದಿನ ಅಪ್ಪಾ ಕುಂಟಗೋತ ತಿರಗಿದ. ಚಪ್ಪಲಿಗೆ ಇಲಿ ಕಡದೈತಿ ಅಂತ ಹೇಳಿದ್ನಿ.” ಅಬ್ರಾರ ಮಷೀನಿನ ಹಿಂದಿನಿಂದ, “ಇದನ್ನ ನಮಗ ಹೇಳೇ ಇಲ್ಲಲ್ಲವಾ,” ಎಂದು ನಕ್ಕ.

ಮೆಹೆರಾಜ ಉಂಡೆಯನ್ನು ರಾಧಾಬಾಯಿಯ ಮುಂದೆ ಹಿಡಿದಳು.

“ಹೂಂ. ಈಗ ನಿಂದು.”

“ನನಗ ಬರೂದುಲ್ಲ ಮೆಹೆರೂ.”

“ಅದು ಗೊತ್ತಿದ್ದದ್ದ. ಪೆಟಗಿ ಬಂತು. ನನ್ನ ಕಾರ್ಡು ಇನ್ನೂ ಬಂದಿಲ್ಲ.”

ರಾಧಾಬಾಯಿ ಉಂಡೆ ತೆಗೆದುಕೊಂಡರು. ಮೊದಲು ಪೇಪರಿನ ಮೇಲೆ ತಟ್ಟಿದರು, ಹೇಳಿದ ಹಾಗೆಯೇ. ಕುಸುರೆಳ್ಳು ಆಡಿಸಿದ ಕೈ ಅದು, ಹಗುರಿನ ಕೈ. ಅರ್ಧದವರೆಗೆ ಕೇಸರಿ ಚೆನ್ನಾಗಿಯೇ ಏರಿತು. ನೀಲಿಗೆ ಬಂದಾಗ ಕೈ ಅವಸರ ಮಾಡಿತು. ಒಂದು ಪೆಟ್ಟು ನೇರ ಹಾಳೆಯ ನಡುವೆ ಬಿತ್ತು. ಅದನ್ನು ಅಳಿಸಲು ಹೋಗಿ ಪಕ್ಕಕ್ಕೆ ಇನ್ನೊಂದು. ಆಕಾಶದ ನಡುಮಧ್ಯೆ, ಹೊಲದ ಬದುವಿನ ಹಾಗೆ, ದಪ್ಪ ಗೆರೆಯೊಂದು ಉಳಿಯಿತು.

“ಕೆಟ್ಟಿತು. ಇನ್ನೊಂದು ಹಾಳಿ ಕೊಡು ವರದಾ.”

“ಬ್ಯಾಡ.” ಮೆಹೆರಾಜ ಕಾರ್ಡನ್ನು ಎಳೆದುಕೊಂಡು, ಕಣ್ಣಿಗೆ ಹತ್ತಿರ ಹಿಡಿದು ಗೆರೆಯ ಮೇಲೆ ಬೆರಳು ಆಡಿಸಿದಳು. “ಇದ ಇರ್ಲಿ. ಇದು ನೀನ ಮಾಡಿದ್ದಂತ ಯಾರಿಗರ ಗೊತ್ತಾಕ್ಕೈತಿ. ಹೆಸರ ಬರಿ.”

ರಾಧಾಬಾಯಿ ಹಿಂದೆ ಹೆಸರು ಬರೆದರು. ಈ ಸಲ ಚೀಟಿಯಿಲ್ಲದೆ, ಹಾಳೆಯ ಮೇಲೆಯೇ. ಮೆಹೆರಾಜ ಕಾರ್ಡು ಬಿಚ್ಚಿದಳು, ಒಳಗೆ ನೋಡಿದಳು, ಅಲ್ಲಾಡಿಸಿದಳು.

“ಎಳ್ಳು ಎಲ್ಲೈತಿ?”

“ನಿನ್ನಿ ಗಂಟಾತು.”

“ನಿನ್ನ ಕೈಯಾಗ ಗಂಟಾತಾ?”

“ಇಕಿ ಹತ್ತಿ ಅಂದ್ಲು. ಆಗ ಆತು.”

ಮೆಹೆರಾಜ ಸೂಜಿಯನ್ನು ಗಾದಿಯಿಂದ ಕಿತ್ತಳು. ರಸ್ತೆಯಲ್ಲಿ ಯಾರೋ ಟಂಟಂ ಗಾಡಿ ನಿಲ್ಲಿಸಿ ಹಳೆಯ ಗಾದಿ ಇಳಿಸುತ್ತಿದ್ದರು. ಅಬ್ರಾರ ಮಷೀನಿಗೆ ಕೈ ಹಾಕಿದ. “ಹಂಗಾರ ಅರ್ಧಾ ಮುಟ್ಟೇತಿ,” ಎಂದಳು ಅವಳು, ದನಿ ಏರಿಸಿ, ಮಷೀನಿನ ಸದ್ದಿನ ಮೇಲೆ. “ಉಳದಿದ್ದು ಹಬ್ಬದ ದಿನ ತಗೊಂಡ ಬಾ.”

ಬಸ್ಸಿಗೆ ಹೊರಟಾಗ ವರದಾಳ ಚೀಲದಲ್ಲಿ ಒಂದು ಗಂಟು ಹಸಿ ಹತ್ತಿ ಇತ್ತು. ರಾಧಾಬಾಯಿಯ ಬಗಲಲ್ಲಿ ಕಟ್ಟು. ಮನೆ ಮುಟ್ಟಿದ ಮೇಲೆ ಅದನ್ನು ಅವರು ಮೊಳೆಗೆ ತೂಗುಹಾಕಲಿಲ್ಲ, ಟ್ರಂಕಿಗೂ ಹಾಕಲಿಲ್ಲ; ಅಡುಗೆಮನೆಯ ಗೋಡೆಯ ಗೂಡಿನಲ್ಲಿ ಒರಗಿಸಿಟ್ಟು ಕೈಕಾಲು ತೊಳೆದರು. ಆಮೇಲೆ ಪರಾತವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಹೊಸ ಎಳ್ಳು ಹುರಿದು, ಕೆಂಡ ಹಾಕಿ ಕುಳಿತರು.

ನಾಲ್ಕು ಹನಿ ಬಿಟ್ಟರು. ಒಣಗುವವರೆಗೆ ಕಾದರು.